ನಿಂಬೆ ಸಿಪ್ಪೆಯ ಎಣ್ಣೆ, ಮಹಡಿಯ ಬಿಸಿಲು

ನಿಂಬೆಹಣ್ಣಿನ ಘಮ ಎಲ್ಲಿರುತ್ತೆ ಅಂತ ಕೇಳಿದರೆ ನೀವು ತಟ್ಟನೆ ‘ರಸದಲ್ಲಿ’ ಅಂತೀರಿ, ಅಲ್ಲವೇ? ರಸದಲ್ಲಿರುವುದು ಮುಖ್ಯವಾಗಿ ಹುಳಿ. ಘಮವೆಲ್ಲ ಸಿಪ್ಪೆಯ ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿರುವ ಎಣ್ಣೆಯದು. ಸಂದೇಹವಿದ್ದರೆ ಒಂದು ಚೂರು ಸಿಪ್ಪೆಯನ್ನು ಮೇಣದಬತ್ತಿಯ ಹತ್ತಿರ ಮಡಿಸಿ ಹಿಂಡಿ. ಚಿಟಿಚಿಟಿ ಕಿಡಿ ಹಾರುತ್ತದೆ. (ಸೆರಗು ಜೋಪಾನ!)

ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಂತೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಲಿಮೊನೀನ್ ಎಂಬ ವಸ್ತು. ಜಿಡ್ಡು, ಅಂಟು ಎರಡನ್ನೂ ಅದು ಕರಗಿಸುತ್ತದೆ. ಹೊಸ ಸ್ಟೀಲ್ ಡಬ್ಬಿಯ ಚೀಟಿ ಕಿತ್ತ ಮೇಲೆ ಉಳಿಯುವ ಗೋಂದಿಗೆ ಸಿಪ್ಪೆಯ ಹೊರಮೈ ಉಜ್ಜಿ ನೋಡಿ. ಅಂಗಡಿಯ ಸೀಸೆಯ ಎಣ್ಣೆಯಾದರೆ ಥರ್ಮೋಕೋಲನ್ನೂ ಕರಗಿಸೀತು, ಗಣೇಶನ ಮಂಟಪದಿಂದ ದೂರವಿಡಿ!

ನಾನು ಹೇಳಬೇಕೆಂದಿರುವುದು ಬೇರೆ. ನಮ್ಮ ವಿಜಯನಗರದಲ್ಲಿ ಬೇಸಿಗೆ ಬಂತೆಂದರೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಎಲ್ಲ ಮಹಡಿಯ ಮೇಲೇ. ಪಕ್ಕದ ಮನೆಯ ಸೊಸೆ ಒಂದು ಬುಟ್ಟಿ ನಿಂಬೆಹಣ್ಣನ್ನು ಬಿಸಿಲಲ್ಲೇ ಕೂತು ಹೆಚ್ಚಿದಳು. ಎರಡು ದಿನಕ್ಕೆ ಬೆರಳು, ಮುಂಗೈ ಕೆಂಪಾಗಿ ಉರಿ. ಆಮೇಲೆ ಕಂದು ಕಲೆ. ಅತ್ತೆ ‘ಎಣ್ಣೆ ಸಿಡಿದಿರಬೇಕು’ ಅಂದರು. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: ‘ನಿಂಬೆಹಣ್ಣು ಮುಟ್ಟಿದ್ರೇನಮ್ಮಾ?’

ಕಾರಣ ಇಷ್ಟೇ. ನಮ್ಮ ನಿಂಬೆಯ ಸಿಪ್ಪೆಯೆಣ್ಣೆಯಲ್ಲಿ ಬರ್ಗಾಪ್ಟೆನ್‌ನಂಥ ಕೆಲವು ಪದಾರ್ಥಗಳಿವೆ. ನೆರಳಲ್ಲಿ ಅವು ಸುಮ್ಮನಿರುತ್ತವೆ. ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಚರ್ಮವನ್ನು ಸುಡುತ್ತವೆ. ಉರಿ ಒಂದರಿಂದ ಮೂರು ದಿನಕ್ಕೆ ಕಾಣಿಸಿಕೊಳ್ಳುತ್ತದೆ. ಕಲೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ವಿಜಯಪುರ ಜಿಲ್ಲೆಯ ಇಂಡಿ ನಿಂಬೆಯೂ ಇದೇ ಜಾತಿಯದು. ಹಣ್ಣಿನ ತಪ್ಪೇನಿಲ್ಲ ಬಿಡಿ.

ಮುಖ ಬೆಳ್ಳಗಾಗಲು ನಿಂಬೆ ಸಿಪ್ಪೆ ಉಜ್ಜಿ ಅಂತ ಯಾವ ಪುಣ್ಯಾತ್ಗಿತ್ತಿ ಮೊದಲು ಹೇಳಿದಳೋ! ಉಜ್ಜಿಕೊಂಡು ತರಕಾರಿಗೆ ಹೊರಟರೆ ಆಗುವುದು ಅದಕ್ಕೆ ತದ್ವಿರುದ್ಧ. ಸೀಸೆಯ ಎಣ್ಣೆ ಕೊಳ್ಳುವವರು ಚೀಟಿ ಓದಿ: ಸಿಪ್ಪೆ ಹಿಂಡಿ ತೆಗೆದ ನಿಂಬೆಯೆಣ್ಣೆಗೆ ಈ ಗುಣವಿದೆ, ಹಬೆಯಲ್ಲಿ ಬಟ್ಟಿ ಇಳಿಸಿದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಯಾವುದನ್ನೂ ಹಾಗೇ ಚರ್ಮಕ್ಕೆ ಸವರಬೇಡಿ.

ಉಪ್ಪಿನಕಾಯಿ ಬಿಡಿ ಅಂತ ನಾನು ಹೇಳೋದಿಲ್ಲ. ಹಣ್ಣನ್ನು ಒಳಗೆ ಕೂತು ಹೆಚ್ಚಿ. ಬರೀ ನೀರಿಗೆ ಎಣ್ಣೆ ಹೋಗುವುದಿಲ್ಲ, ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಳ್ಳಿ. ಜಾಡಿಯ ಹೊರಮೈಯನ್ನೂ ಒರೆಸಿ, ಆಮೇಲೆ ಬಿಸಿಲಿಗಿಡಿ.