ಮೂಲೆಮಟ್ಟ ಮತ್ತು ಕೈವಾರ

ಮುಂಬಯಿಯ ಕೋಟೆ ಭಾಗದಲ್ಲಿ ಫ್ರೀಮೇಸನ್ ಹಾಲ್ ಎಂಬ ಹಳೆಯ ಕಟ್ಟಡವಿದೆ. ನಮ್ಮ ಕನ್ನಡಿಗರಲ್ಲಿ ಬಹುಮಂದಿ ಕಚೇರಿಗೆ ಹೋಗುತ್ತ ಬರುತ್ತ ಅದರ ಮುಂದೆ ನಡೆದಿರಬಹುದು. ಒಳಗೆ ನಡೆಯುವುದೇನೆಂದು ಬಲ್ಲವರು ವಿರಳ. ಉತ್ತರ ಹಿಂದುಸ್ತಾನದಲ್ಲಂತೂ ಇಂಥ ಕಟ್ಟಡಗಳಿಗೆ ‘ಜಾದೂ ಘರ್’ ಎಂದೇ ಹೆಸರು. ನಮ್ಮ ಕಚೇರಿಯ ಹಿರಿಯ ಗುಮಾಸ್ತರೊಬ್ಬರು ಆ ಬಳಗದವರೆಂದು ತಿಳಿದಾಗ ನನ್ನ ಮನೆಯಾಕೆಗೆ ಗಾಬರಿ: “ಅಲ್ಲಿ ಮಾಟ ಮಾಡುತ್ತಾರಂತಲ್ಲ!”

ರಾಯರು ಕೇಳಿ ನಕ್ಕರು. ಮಾಟವೂ ಇಲ್ಲ, ಮಂತ್ರವೂ ಇಲ್ಲ. ಹಿಂದೆ ಇಂಗ್ಲೆಂಡ್, ಸ್ಕಾಟ್ಲೆಂಡುಗಳಲ್ಲಿ ಇಗರ್ಜಿ, ಕೋಟೆಗಳನ್ನು ಕಟ್ಟುತ್ತಿದ್ದ ಕಲ್ಲುಕುಟಿಗರ ಕೂಟಗಳ ರೀತಿನೀತಿಗಳನ್ನು ತನ್ನದಾಗಿಸಿಕೊಂಡು ಬೆಳೆದ ಬಳಗವಿದು. ೧೭೨೩ರಲ್ಲಿ ಜೇಮ್ಸ್ ಆಂಡರ್ಸನ್ ಎಂಬ ಪಾದ್ರಿ ಸಿದ್ಧಪಡಿಸಿದ ಇದರ ನಿಯಮಾವಳಿ ಲಂಡನ್ನಿನಲ್ಲಿ ಅಚ್ಚಾಯಿತು. ಭಾರತದ್ದೇ ಆದ ಗ್ರ್ಯಾಂಡ್ ಲಾಡ್ಜ್ ಸ್ಥಾಪನೆಯಾದದ್ದು ೧೯೬೧ರಲ್ಲಿ.

ನನಗೆ ಮೆಚ್ಚಿಕೆಯಾದದ್ದು ಅವರ ಚಿಹ್ನೆಗಳು. ಧಾರವಾಡದ ಕಡೆ ಗೌಂಡಿ ಕೆಲಸ ಮಾಡುತ್ತಿದ್ದ ನನ್ನ ಅಜ್ಜನ ಚೀಲದ ಸಾಮಾನುಗಳೇ ಅಲ್ಲಿ ಪಾಠ ಹೇಳುತ್ತವೆ. ನಡತೆ ಸೊಟ್ಟಗಾಗದಿರಲೆಂದು ಮೂಲೆಮಟ್ಟ. ಆಸೆಗೊಂದು ಗೆರೆಯಿರಲೆಂದು ಕೈವಾರ. ಎಲ್ಲರೂ ಸಮವೆನ್ನಲು ಮಟ್ಟಗೋಲು. ನೆಟ್ಟಗೆ ನಿಲ್ಲೆನ್ನಲು ತೂಗುಗುಂಡು. ಹೊಸದಾಗಿ ಸೇರಿದವನು ಒರಟುಕಲ್ಲು. ತನ್ನನ್ನು ತಾನೇ ಕೆತ್ತಿಕೊಂಡು ಚೌಕಕ್ಕೆ ಬರಬೇಕು. ಅಜ್ಜ ಇಷ್ಟೆಲ್ಲ ಹೇಳುತ್ತಿರಲಿಲ್ಲ. ಗೋಡೆ ಓರೆಯಾದರೆ ಕೆಡವಿ ಮತ್ತೆ ಕಟ್ಟುತ್ತಿದ್ದ, ಅಷ್ಟೇ.

ಲಾಡ್ಜಿನ ಬಾಗಿಲಲ್ಲಿ ಖಡ್ಗ ಹಿಡಿದ ಕಾವಲಿನವನು. ಒಳಗೆ ಕಪ್ಪು ಬಿಳುಪು ಚೌಕಗಳ ನೆಲ. ಎಲ್ಲರ ಸೊಂಟಕ್ಕೂ ಏಪ್ರನ್ನು. ಅಧ್ಯಕ್ಷರ ಪೀಠ ಪೂರ್ವದಲ್ಲಿ. ನಮ್ಮ ದೇಶದ ಲಾಡ್ಜುಗಳಲ್ಲಿ ಗೀತೆ, ಕುರಾನು, ಬೈಬಲ್ಲು, ಗ್ರಂಥಸಾಹೇಬ, ಅವೆಸ್ತಾಗಳಿಗೆ ಒಂದೇ ಮರ್ಯಾದೆ. ದೇವರಲ್ಲಿ ನಂಬಿಕೆ ಬೇಕು. ಮತದ, ರಾಜಕೀಯದ ಚರ್ಚೆ ಕೂಡದು. ಕಲಾಪ ಮುಗಿದ ಮೇಲೆ ಧರ್ಮಾರ್ಥಕ್ಕೆ ವಂತಿಗೆ, ಒಟ್ಟಿಗೆ ಊಟ.

ಆದರೆ ಈ ಸಮಾನತೆಯ ಬಾಗಿಲು ಎಲ್ಲರಿಗೂ ಸುಲಭವಾಗಿ ತೆರೆಯಲಿಲ್ಲ. ಕಲ್ಕತ್ತೆಯ ಪ್ರಸನ್ನಕುಮಾರ ದತ್ತರು ೧೮೬೩ರಲ್ಲಿ ಪ್ರವೇಶ ಬೇಡಿದರು. ಹಿಂದೂಗಳನ್ನು ಸೇರಿಸಬಹುದೇ ಎಂಬ ತಕರಾರು ಮುಗಿದು ಅವರು ಒಳಗೆ ಕಾಲಿಟ್ಟದ್ದು ೧೮೭೨ರಲ್ಲಿ. ಈ ಲಾಡ್ಜುಗಳಲ್ಲಿ ಸ್ತ್ರೀಯರಿಗೆ ಇಂದಿಗೂ ಸದಸ್ಯತ್ವವಿಲ್ಲ. “ಹಾಗಾದರೆ ಅದು ಅರ್ಧ ಸಂಸಾರ” ಎಂದಳು ಮನೆಯಾಕೆ. ನನಗೆ ಉತ್ತರ ಹೊಳೆಯಲಿಲ್ಲ.

ರಾಯರು ಒಂದು ವರ್ಷ ತಮ್ಮ ಲಾಡ್ಜಿನ ಅಧ್ಯಕ್ಷರಾಗಿದ್ದರು. ನಮ್ಮ ದೊಡ್ಡ ಸಾಹೇಬರೂ ಅಲ್ಲಿಯ ಸದಸ್ಯರೇ. ಸಂಜೆ ಸಾಹೇಬರು ಎದ್ದುನಿಂತು ಇವರಿಗೆ ವಂದಿಸುವುದು. ಮರುದಿನ ಕಚೇರಿಯಲ್ಲಿ ಫೈಲು ಹಿಡಿದು ಸಾಹೇಬರ ಮುಂದೆ ಇವರು ನಿಲ್ಲುವುದು.

“ಇದು ನಾಟಕವಲ್ಲವೇ, ರಾಯರೇ?” ಎಂದೆ.

“ಇರಬಹುದಪ್ಪ. ಆದರೆ ನಮ್ಮ ಮನೆಯವಳು ಆಸ್ಪತ್ರೆಯಲ್ಲಿದ್ದಾಗ ರಾತ್ರಿಯೆಲ್ಲ ನನ್ನ ಜೊತೆ ಬೆಂಚಿನ ಮೇಲೆ ಕೂತವರು ಅದೇ ಸಾಹೇಬರು. ಅಂದು ಅವರ ಸೊಂಟಕ್ಕೆ ಏಪ್ರನ್ನು ಇರಲಿಲ್ಲ.”

ಸದಸ್ಯನಾಗೆಂದು ಬಲವಂತ ಮಾಡುವುದು ಅವರ ಪದ್ಧತಿಯಲ್ಲ. ಬೇಕಾದವನು ತಾನೇ ಕೇಳಬೇಕು. ಮಕ್ಕಳ ಶಾಲೆಯ ಫೀಜು, ಮನೆ ಬಾಡಿಗೆ ಕಳೆದು ಉಳಿದ ಸಂಬಳವನ್ನು ನೋಡಿಕೊಂಡು ನಾನಿನ್ನೂ ಕೇಳಿಲ್ಲ. ಅದರ ಬದಲು ಬೇರೊಂದು ಯೋಚನೆ ಹತ್ತಿದೆ. ನಮ್ಮ ಕನ್ನಡ ಸಂಘದ ಬಾಗಿಲಲ್ಲಿ ಖಡ್ಗ ಹಿಡಿದವರಿಲ್ಲ, ನಿಜ. ಆದರೆ ಊರು ಬಿಟ್ಟು ಮೊನ್ನೆ ಬಂದ ಹೋಟೆಲಿನ ಹುಡುಗನೊಬ್ಬ ರಾಜ್ಯೋತ್ಸವದ ದಿನ ಒಳಗೆ ಬಂದರೆ, ಮುಂದಿನ ಸಾಲಿನಲ್ಲಿ ಸರಿದು ಜಾಗ ಕೊಡುವವರು ನಮ್ಮಲ್ಲಿ ಎಷ್ಟು ಮಂದಿ? ಈ ಸಲ ಮಟ್ಟಗೋಲನ್ನು ಅಲ್ಲಿಟ್ಟು ನೋಡೋಣವೇ?