ಜಲದುರ್ಗದ ಹೊಳೆಯಲ್ಲಿ ಒಂದು ದಿನ

ನೀವು ಎಂದಾದರೂ ಹರಿಗೋಲಿನಲ್ಲಿ ಕೂತಿದ್ದೀರಾ? ದೊಡ್ಡ ಬುಟ್ಟಿಯಂಥ ಗುಂಡನೆಯ ದೋಣಿ ಅದು. ಮುಂಭಾಗ, ಹಿಂಭಾಗ ಎಂಬುದೇ ಅದಕ್ಕಿಲ್ಲ. ಹುಟ್ಟು ಹಾಕಿದೊಡನೆ ತಿರುಗತೊಡಗುತ್ತದೆ. ಒಮ್ಮೆ ನಿಮ್ಮ ಮುಖ ಕೋಟೆಯ ಕಡೆಗಿದ್ದರೆ ಮರುಗಳಿಗೆ ದಂಡೆಯ ಕಡೆಗೆ. ಮೊದಲ ಸಲ ಕೂತವರಿಗೆ ನಗು ಮತ್ತು ಭಯ ಎರಡೂ ಒಟ್ಟಿಗೇ ಬರುತ್ತವೆ.

ಸಿಂಧನೂರಿನ ನಮ್ಮಂಥವರಿಗೆ ನೀರೆಂದರೆ ಕಾಲುವೆ. ತುಂಗಭದ್ರೆಯ ಎಡದಂಡೆ ಕಾಲುವೆ ನಮ್ಮ ಗದ್ದೆಗಳಿಗೆ ನೆಲ್ಲು ಕೊಟ್ಟಿದೆ, ಊರಿಗೆ ಅಕ್ಕಿ ಗಿರಣಿಗಳನ್ನು ಕೊಟ್ಟಿದೆ. ಆದರೆ ಕಾಲುವೆಗೆ ಹೊಳೆಯ ಸ್ವಭಾವವಿಲ್ಲ. ಬಿಟ್ಟರೆ ಬರುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ನನ್ನ ಇಬ್ಬರು ಹೆಣ್ಣುಮಕ್ಕಳು ಹೊಳೆಯನ್ನು ಕಂಡದ್ದು ಬಸ್ಸಿನ ಕಿಟಕಿಯಿಂದ ಮಾತ್ರ.

ನನ್ನ ಅಮ್ಮಿಯ ಕಥೆ ಬೇರೆ. ಅವರ ತವರು ಕೃಷ್ಣೆಯ ಆಚೆ, ಸುರಪುರದ ಕಡೆಯ ಒಂದು ಹಳ್ಳಿ. 1963ರಲ್ಲಿ ನಿಕಾಹ್ ಆದ ಮೇಲೆ ಹರಿಗೋಲಿನಲ್ಲಿ ಹೊಳೆ ದಾಟಿಯೇ ಅವರು ಈಚೆ ಬಂದದ್ದು. ಜೊತೆಗಿದ್ದ ಹೆಂಗಸರು ದಫ್ ಬಡಿಯುತ್ತ ಹಾಡುತ್ತಿದ್ದರಂತೆ. ನಡುಹೊಳೆಯಲ್ಲಿ ಅಂಬಿಗ, "ತಾಯಂದಿರಾ, ಸ್ವಲ್ಪ ಸುಮ್ಮನಿರ್ರಿ, ನೀರಿನ ಸಪ್ಪಳ ಕೇಳಬೇಕು" ಎಂದನಂತೆ. ಬಂಡೆ ಎಲ್ಲಿದೆ ಎಂಬುದು ಅವನಿಗೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಈ ಕಥೆಯನ್ನು ನೂರು ಸಲವಾದರೂ ಕೇಳಿದ್ದೇನೆ. ಕೊನೆಗೆ ಅಮ್ಮಿ ಯಾವಾಗಲೂ ಒಂದೇ ಮಾತು ಸೇರಿಸುತ್ತಿದ್ದರು: "ಇನ್ನೊಮ್ಮೆ ಕೂರಬೇಕು."

2023ರ ಸಂಕ್ರಾಂತಿ ಜನವರಿ 15ರಂದು, ಭಾನುವಾರ ಬಂತು. ನಮ್ಮ ಸೀಮೆಯಲ್ಲಿ ಅಂದು ಜನ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗುತ್ತಾರೆ. ಪಕ್ಕದ ಮನೆಯ ಅಕ್ಕ ನಮ್ಮ ಶಾಲೆಯವರೇ. "ಜಲದುರ್ಗಕ್ಕೆ ಹೊಂಟೀವಿ, ಅಮ್ಮಾರನ್ನೂ ಕರ್ಕೊಂಡು ಬರ್ರಿ" ಎಂದು ಕರೆದರು. ಅವರ ಸ್ನಾನ, ಪೂಜೆ ಅವರದು. ಹೊಳೆ ಮತ್ತು ಊಟ ಇಬ್ಬರದೂ. ಮಾಂಸವಿಲ್ಲದ ಬಗಾರಾ ಅನ್ನ, ಬರೀ ಬೇಳೆ-ಸೋರೆಕಾಯಿಯ ದಾಲ್ಚಾ ಮಾಡಿಕೊಂಡು ನಾವೂ ಹೊರಟೆವು.

ನೀವು ಹೋಗುವುದಾದರೆ ಬೆಳಿಗ್ಗೆ ಬೇಗ ಹೊರಡಿ. ಸಿಂಧನೂರಿನಿಂದ ಲಿಂಗಸುಗೂರಿನ ದಾರಿಯ ನಡುವೆ ಮಸ್ಕಿ ಸಿಗುತ್ತದೆ. ಅಲ್ಲಿ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರು 1915ರಲ್ಲಿ ಕಂಡುಹಿಡಿದದ್ದು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ಬರೀ 'ದೇವಾನಾಂಪ್ರಿಯ' ಎಂಬ ಬಿರುದು ಇತ್ತು. ಆ ಬಿರುದಿನ ದೊರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು ಮಸ್ಕಿಯ ಬಂಡೆ. ಪಾಠದಲ್ಲಿ ಓದಿದ್ದನ್ನು ಮಕ್ಕಳಿಗೆ ತೋರಿಸಬೇಕೆಂದು ನನಗೆ ಆಸೆ. ಆದರೆ ಅಂದು ಅಲ್ಲಿ ಇಳಿದದ್ದು ನಾದಿನಿಯನ್ನು ಕರೆದುಕೊಳ್ಳಲು ಮಾತ್ರ. ಅವಳು ತಯಾರಾಗುವಷ್ಟರಲ್ಲಿ ಬೆಟ್ಟ ಹತ್ತಿ ಇಳಿಯಬಹುದಿತ್ತು, ಅದು ಬೇರೆ ಮಾತು.

ಲಿಂಗಸುಗೂರಿನಿಂದ ಜಲದುರ್ಗ ಸುಮಾರು 20 ಕಿಲೋಮೀಟರ್. ಕೃಷ್ಣೆ ಇಲ್ಲಿ ಎರಡು ಕವಲಾಗಿ ಒಡೆದು, ನಡುವೆ ಒಂದು ಗಡ್ಡೆಯನ್ನು ಬಿಟ್ಟುಕೊಟ್ಟಿದೆ. ಅದರ ಮೇಲೆ ಬಿಜಾಪುರದ ಆದಿಲಶಾಹಿಗಳ ಕೈಯಲ್ಲಿದ್ದ ಕೋಟೆ. ಮರಣದಂಡನೆಗೆ ಗುರಿಯಾದವರನ್ನು ಇದರ ಬುರುಜಿನಿಂದ ಹೊಳೆಗೆ ತಳ್ಳುತ್ತಿದ್ದರೆಂದು ಜನ ಹೇಳುತ್ತಾರೆ. ಮಕ್ಕಳಿಗೆ ಅದೇ ಕಥೆ ಮೂರು ಸಲ ಬೇಕಾಯಿತು. ಈ ಭಾಗದಲ್ಲಿ ಹೊಳೆ ಮೂರು ಮೈಲಿಯೊಳಗೆ ಸುಮಾರು 400 ಅಡಿ ಇಳಿಯುತ್ತದೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಮೇಲೆ ನಾರಾಯಣಪುರದ ಅಣೆಕಟ್ಟು ಇದೆ, 1982ರಲ್ಲಿ ಮುಗಿದದ್ದು. ಅಲ್ಲಿ ಗೇಟು ಎತ್ತಿದರೆ ಇಲ್ಲಿ ಶೀಲಹಳ್ಳಿಯ ಸೇತುವೆ ಮುಳುಗುತ್ತದೆ, ಗಡ್ಡೆಯ ಊರುಗಳು ಒಂಟಿಯಾಗುತ್ತವೆ. ಜನವರಿಯಲ್ಲಿ ಅಂಥ ಭಯವಿಲ್ಲ. ಬಂಡೆಗಳು ಬೆನ್ನು ತೋರಿಸುತ್ತವೆ, ನಡುವೆ ಆಳವಾದ ಮಡುಗಳು ಹಸಿರಾಗಿ ನಿಂತಿರುತ್ತವೆ.

ದಂಡೆಯಲ್ಲಿ ಜಾತ್ರೆಯಂತೆ ಜನ. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ, ಗುರೆಳ್ಳು ಚಟ್ನಿ. ಒಂದು ಮರದಡಿ ತತ್ವಪದದ ಮೇಳ: ಒಬ್ಬ ಏಕತಾರಿ, ಇಬ್ಬರು ತಾಳ, ಒಬ್ಬ ದಮ್ಮಡಿ. ಶಿಶುನಾಳ ಶರೀಫರ ಪದಗಳು ನಿಮಗೆ ಗೊತ್ತಿರುತ್ತವೆ. ನಮ್ಮ ಕಡೆ ಕಡಕೋಳ ಮಡಿವಾಳಪ್ಪನವರ ಶಿಷ್ಯ ಚೆನ್ನೂರ ಜಲಾಲ ಸಾಹೇಬರ ಪದಗಳನ್ನೂ ಹಾಡುತ್ತಾರೆ. ನನ್ನ ದೊಡ್ಡ ಮಗಳು ಮೆಲ್ಲಗೆ, "ಅಮ್ಮಾ, ನಾವು ಇದನ್ನು ಕೇಳಬಹುದಾ?" ಎಂದಳು. ಮದರಸದಲ್ಲಿ ಓದಿದ ತಾಯಿಯ ಮಗಳು, ಕೇಳುವುದು ಸಹಜ. ವಾದ್ಯಗಳ ಬಗ್ಗೆ ಉಲಮಾಗಳಲ್ಲಿ ಹಿಂದಿನಿಂದಲೂ ಭಿನ್ನಾಭಿಪ್ರಾಯವಿದೆ ಎಂದು ಹೇಳಿದೆ. ಜೊತೆಗೆ ಈದ್ ದಿನ ಹಝ್ರತ್ ಆಯಿಶಾರ ಮನೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದುದು, ಅಬೂಬಕ್ಕರ್ ಗದರಿದಾಗ ಪ್ರವಾದಿಯವರು (ಸ) ಅವರನ್ನು ಹಾಡಲು ಬಿಡಿ ಎಂದದ್ದನ್ನೂ ಹೇಳಿದೆ. ಬುಖಾರಿಯಲ್ಲಿ ಬಂದಿರುವ ಘಟನೆ. ನಾನು ಇನ್ನೂ ವಿವರಿಸುತ್ತಿದ್ದೆ, ಅಮ್ಮಿ ಆಗಲೇ ಹೋಗಿ ಹಾಡುವವರ ಪಕ್ಕದಲ್ಲಿ ಕೂತಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಹರಿಗೋಲುಗಳು ಬಂದವು. ಇಲ್ಲಿನವರು ಅದಕ್ಕೆ ತೆಪ್ಪ ಎನ್ನುತ್ತಾರೆ. ಬಿದಿರಿನ ಬುಟ್ಟಿ, ಹೊರಗೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆಯ ಮೇಲೆ ಡಾಂಬರು. ಐನೂರು ವರ್ಷಗಳ ಹಿಂದೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ಇಂಥವುಗಳಲ್ಲೇ ಜನ ಹೊಳೆ ದಾಟುವುದನ್ನು ಕಂಡು, ಅವು ಸದಾ ತಿರುಗುತ್ತಲೇ ಇರುತ್ತವೆ ಎಂದು ಬರೆದಿದ್ದಾನೆ. ಅವನಿಗೂ ತಲೆ ಸುತ್ತಿರಬೇಕು.

ಮೊದಲು ಬಂದ ಹುಡುಗನ ತೆಪ್ಪದಲ್ಲಿ ಆಗಲೇ ಹನ್ನೆರಡು ಜನ. "ಬರ್ರಿ, ಇನ್ನೂ ನಾಕು ಮಂದಿ ಹಿಡೀತೈತಿ" ಎಂದ. ಮಕ್ಕಳು ಒಂದು ಕಾಲು ಒಳಗಿಟ್ಟಿದ್ದರು. ಎಲ್ಲಿಯೂ ಒಂದು ಲೈಫ್ ಜಾಕೆಟ್ ಕಾಣಲಿಲ್ಲ. 2020ರ ಆಗಸ್ಟ್‌ನಲ್ಲಿ ಇದೇ ಕೃಷ್ಣೆಯಲ್ಲಿ, ರಾಯಚೂರು ತಾಲೂಕಿನ ಕಡೆ, ಸಂತೆಯಿಂದ ಮನೆಗೆ ಮರಳುತ್ತಿದ್ದವರ ಹರಿಗೋಲು ಮಗುಚಿ ಹೆಣ್ಣುಮಕ್ಕಳು ನೀರುಪಾಲಾದದ್ದು ನೆನಪಾಯಿತು. ಇಬ್ಬರ ಕೈ ಹಿಡಿದು ಎಳೆದುಕೊಂಡೆ. ನಾದಿನಿ, "ಇಷ್ಟು ದೂರ ಬಂದು ಹೆದರೋದಾ?" ಎಂದು ಮುಖ ಊದಿಸಿದಳು. ಅವಳ ಸಿಟ್ಟು ಸಂಜೆಯವರೆಗೂ ಇಳಿಯಲಿಲ್ಲ. ಪರವಾಗಿಲ್ಲ. ನೀವು ಹೋದಾಗಲೂ ಯಾರು ಮುನಿಸಿಕೊಂಡರೂ ಸರಿ, ತುಂಬಿದ ತೆಪ್ಪ ಹತ್ತಬೇಡಿ.

ಮುಕ್ಕಾಲು ಗಂಟೆ ಕಾದ ಮೇಲೆ ಒಬ್ಬ ಹಿರಿಯ ಅಂಬಿಗರು ಬಂದರು. ಆರೇ ಜನ ಎಂದರು. ಅಂಚಿನ ಸುತ್ತ ಸಮನಾಗಿ ಕೂರಿಸಿದರು, ಏಳಬಾರದೆಂದು ಮಕ್ಕಳಿಗೆ ತಾಕೀತು ಮಾಡಿದರು. ನೇರ ದಾಟಲಿಲ್ಲ. ದಂಡೆಗುಂಟ ಸ್ವಲ್ಪ ದೂರ ಮೇಲಕ್ಕೆ ಹೋಗಿ, ಆಮೇಲೆ ಸೆಳವಿಗೆ ಬಿಟ್ಟು ಓರೆಯಾಗಿ ಇಳಿಸಿಕೊಂಡು ಬಂದರು. ಅಮ್ಮಿ ಒಂದು ಕೈಯಲ್ಲಿ ತಸ್ಬೀಹ್, ಇನ್ನೊಂದರಲ್ಲಿ ನನ್ನ ಮಣಿಕಟ್ಟು ಹಿಡಿದಿದ್ದರು. ಹಿಂದಿನ ತೆಪ್ಪದಲ್ಲಿ ದಮ್ಮಡಿಯವನು ತನ್ನ ಮೇಳದವರೊಂದಿಗೆ ಹಾಡುತ್ತ ಬರುತ್ತಿದ್ದ. ನೀರಿನ ಮೇಲೆ ಆ ದನಿ ದಂಡೆಗಿಂತ ಹತ್ತಿರವಾಗಿ ಕೇಳುತ್ತಿತ್ತು.

ನಮ್ಮ ಜೊತೆ ಆರನೆಯವಳಾಗಿ ಕೂತದ್ದು ಒಬ್ಬ ಹೆಣ್ಣುಮಗಳು, ಕಾಲ ಬಳಿ ಜೋಳದ ಹಿಟ್ಟಿನ ಚೀಲ. ಅವಳು ಹಬ್ಬಕ್ಕೆ ಬಂದವಳಲ್ಲ. ಹೊಳೆಯೊಳಗಿನ ಒಂದು ಸಣ್ಣ ಗಡ್ಡಿಯಲ್ಲಿ ಅವರ ಮನೆ, ಕುರಿ ಸಾಕುತ್ತಾರೆ. ನೀರು ಕಡಿಮೆ ಇದ್ದಾಗ ಬಂಡೆಯಿಂದ ಬಂಡೆಗೆ ಕಾಲಿಟ್ಟು ಬರುತ್ತಾರಂತೆ, ಹೊರೆ ಇದ್ದರೆ ತೆಪ್ಪ. "ಮಳೆಗಾಲದಾಗ?" ಎಂದೆ.

"ಮಳಿಗಾಲದಾಗ ಎಲ್ಲಿ ಬರ್ತೀರಕ್ಕ? ಹಿಟ್ಟು, ಎಣ್ಣಿ ಮೊದಲs ತಂದಿಡ್ತೀವಿ. ಸೊಸಿ ಬಸುರಿ ಇದ್ರ ಕಾರಹುಣ್ಣಿವಿ ಮುಗೀತಿದ್ದಂಗ ಈಚಿ ದಂಡಿ ಬೀಗರ ಮನಿಗೆ ಕಳಿಸಿಬಿಡ್ತೀವಿ. 2019ರಾಗ ಹೊಳಿ ಬಂದಾಗ ನಮ್ಮಾಕಿ ಒಂಬತ್ತು ತಿಂಗಳಾಕಿ. ಪುಣ್ಯಾ, ಕಳಿಸಿದ್ವಿ. ಮೊಮ್ಮಗನ ಮುಖ ನೋಡಿದ್ದು ಮಾತ್ರ ನೀರಿಳದ ಮ್ಯಾಲ."

ಅಮ್ಮಿ ಅವಳತ್ತ ತಿರುಗಿ, "ಹೆಸರೇನಿಟ್ಟಿರಿ?" ಎಂದರು. ಅವಳು ನಕ್ಕು ಹೇಳಿದಳು. ಹೆಸರು ನನಗೆ ಕೇಳಿಸಲಿಲ್ಲ, ಅಷ್ಟರಲ್ಲಿ ಹಿಂದಿನ ತೆಪ್ಪದ ಹಾಡು ಏರಿತ್ತು. ಅಂಬಿಗರು ಹುಟ್ಟು ಎತ್ತಿ ಹಿಡಿದು ಆ ಕಡೆ ಕೂಗಿದರು: "ಏ, ಸ್ವಲ್ಪ ತಡೀರಪಾ!" ದಮ್ಮಡಿ ನಿಂತಿತು. ಎಡಗಡೆ, ಕಾಣದ ಬಂಡೆಯ ಸುತ್ತ ನೀರು ಗುಳುಗುಳು ಎನ್ನುತ್ತಿತ್ತು. ಅಮ್ಮಿ ನನ್ನ ಮಣಿಕಟ್ಟು ಒತ್ತಿ, "ನಾನು ಹೇಳಿರಲಿಲ್ಲವಾ?" ಎಂದರು.

ಗಡ್ಡಿಯ ಬಳಿ ಅವಳು ಇಳಿದಳು. ಚೀಲವನ್ನು ತಲೆಗೆ ಹೊರಿಸುವಾಗ, ನಾವು ಯಾವ ಊರವರೆಂದು ಕೇಳಿದಳು. ಸಿಂಧನೂರು ಎಂದೆ. "ಹೌದಾ? ಮುಂದಿನ ಸಲ ಬರುವಾಗ ಅಲ್ಲಿಯ ಅಕ್ಕಿ ಒಂದು ಚೀಲ ತರ್ರಿ, ರೊಕ್ಕ ಕೊಡ್ತೀನಿ. ಮಳಿಗಾಲಕ್ಕ ಮೊದಲs ಬರ್ರಿ ಮತ್ತ" ಎಂದಳು. ಚಿಕ್ಕವಳು ಅವಳ ಫೋನ್ ನಂಬರನ್ನು ನನ್ನ ಮೊಬೈಲಿನಲ್ಲಿ 'ತೆಪ್ಪದ ಅತ್ತೆ' ಎಂದು ಬರೆದಿಟ್ಟಳು.