ಎಂಟೋ ಹದಿನಾರೋ: ಗೌರಸಮುದ್ರದ ದಿನಚರಿಯಿಂದ

14 ಏಪ್ರಿಲ್ 2024, ಭಾನುವಾರ

ಬೆಳಿಗ್ಗೆಯಿಂದ ಕ್ಯಾಸೆಟ್ ಪೆಟ್ಟಿಗೆಗಳನ್ನು ಬಿಚ್ಚಿಕೊಂಡು ಕೂತಿದ್ದೆ. ಹಟ್ಟಿಯ ಹೆಂಗಸರು ಹೇಳಿದ ಸೋಬಾನೆ, ಜುಂಜಪ್ಪನ ಕಥೆ, ಮಾರಮ್ಮನ ಜಾತ್ರೆಯ ಉರುಮೆ ಎಲ್ಲ ಸೇರಿ ಮುನ್ನೂರರ ಮೇಲಿವೆ. ಕೆಲವುಗಳಲ್ಲಿ ಟೇಪನ್ನು ಹೆಡ್ಡಿಗೆ ಒತ್ತಿಹಿಡಿಯುವ ಸಣ್ಣ ಫೆಲ್ಟ್ ಚೂರು ಉದುರಿಹೋಗಿದೆ. ಅದಿಲ್ಲದಿದ್ದರೆ ದನಿ ಮಂಕು. ಖಾಲಿ ಕ್ಯಾಸೆಟ್ಟೊಂದರಿಂದ ಆ ಚೂರು ಕಿತ್ತು, ಚಿಮಟದಲ್ಲಿ ಹಿಡಿದು ಕೂರಿಸಿದೆ. ಹಾಡು ಸ್ಪಷ್ಟವಾಗಿ ಬಂತು, ಹಿಂದೆ ಕುರಿಮರಿಯ ಕೂಗೂ ಕೇಳಿಸಿತು.

ಹಾಡಿದವರಲ್ಲಿ ಬಹಳ ಮಂದಿ ಈಗಿಲ್ಲ. ನಮ್ಮ ತಾಲ್ಲೂಕಿನವರೇ ಆದ ಸಿರಿಯಜ್ಜಿಯ ನೆನಪಿನಲ್ಲಿದ್ದ ಹಾಡುಗಳು ಕೃಷ್ಣಮೂರ್ತಿ ಹನೂರರ ಶ್ರದ್ಧೆಯಿಂದ ಪುಸ್ತಕವಾದವು. ಅಂಥ ಭಾಗ್ಯ ಸಿಗದ ಅಜ್ಜಿಯರು ಹಟ್ಟಿಹಟ್ಟಿಗೂ ಇದ್ದರು. ಅವರ ದನಿ ಉಳಿದಿದ್ದರೆ ಈ ಟೇಪುಗಳಲ್ಲೇ.

ಇವನ್ನೆಲ್ಲ ಡಿಜಿಟಲ್ ಮಾಡಿ ಇಡಲು ಎಷ್ಟು ಜಾಗ ಬೇಕೆಂದು ರಾತ್ರಿ ಲೆಕ್ಕ ಹಾಕಿದೆ. ಧ್ವನಿ ಸಂಗ್ರಹಾಲಯಗಳು ಹಳೆಯ ಟೇಪುಗಳಿಗೆ ಹೆಚ್ಚಾಗಿ ಬಳಸುವ ಅಳತೆ 24 ಬಿಟ್, 96 ಕಿಲೋಹರ್ಟ್ಜ್. ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು 2 ಜಿಬಿ. 90 ನಿಮಿಷದ ಕ್ಯಾಸೆಟ್ಟಿಗೆ 3 ಜಿಬಿ. ಮುನ್ನೂರೂ ಸೇರಿದರೆ ಒಂದು ಟೆರಾಬೈಟ್ ಮುಟ್ಟುವುದೂ ಕಷ್ಟ. ಜಾಗ ತಿನ್ನುವುದು ವಿಡಿಯೋ. ಮಿನಿ ಡಿವಿ ಟೇಪು ಗಂಟೆಗೆ 13 ಜಿಬಿ; ಈಚೆಗೆ ಜಾತ್ರೆ ಸೇರುವ ತುಮಲಿನಲ್ಲಿ ಚಿತ್ರೀಕರಿಸಿದ 4ಕೆ ವಿಡಿಯೋ, ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ, ಗಂಟೆಗೆ 45 ಜಿಬಿ. ಎಲ್ಲ ಸೇರಿಸಿದರೂ 4 ಟಿಬಿ ದಾಟುವುದಿಲ್ಲ.

17 ಏಪ್ರಿಲ್, ಬುಧವಾರ

ರಾಮನವಮಿ. ಪಾನಕ ಕುಡಿಯುತ್ತ ಕೂತಿದ್ದಾಗ ಬೆಂಗಳೂರಿನಿಂದ ಅಕ್ಕನ ಮಗನ ಫೋನು. ಮನೆಯ ಜಾಲಕ್ಕೆ ಸೇರಿಸಿ ಫೈಲು ಕೂಡಿಡುವ, ಎರಡು ಡಿಸ್ಕ್ ಹಿಡಿಯುವ ನಾಸ್ ಪೆಟ್ಟಿಗೆ ಕೊಡಿಸಿದವನು ಅವನೇ; ಅದಕ್ಕೆ ಡಿಸ್ಕು ಕೊಳ್ಳುವುದು ಬಾಕಿಯಿತ್ತು. "ಮಾವ, 16 ಟಿಬಿದೇ ತಗೊಂಡುಬಿಡಿ. ಟಿಬಿ ಲೆಕ್ಕದಲ್ಲಿ ಅದೇ ಅಗ್ಗ ಬೀಳುತ್ತೆ, ಇನ್ನು ಹತ್ತು ವರ್ಷ ಯೋಚನೆ ಇರಲ್ಲ" ಅಂದ.

ಅವನ ಮಾತಿನಲ್ಲಿ ತಪ್ಪಿಲ್ಲ. ಆದರೆ ನನ್ನ ಚಿಂತೆ ಬೇರೆ. ಎರಡು ಡಿಸ್ಕಿನಲ್ಲೂ ಒಂದೇ ಸರಕು ಇರುತ್ತದೆ; ಒಂದು ಸತ್ತರೆ ಹೊಸದನ್ನು ಹಾಕಿ, ಉಳಿದದ್ದರಿಂದ ಅದಕ್ಕೆ ತುಂಬಿಸಬೇಕು. ನನ್ನಲ್ಲಿರುವಂಥ ಪೆಟ್ಟಿಗೆಗಳಲ್ಲಿ ಬಹಳಷ್ಟು ಫೈಲು ಇರುವಷ್ಟನ್ನೇ ಅಲ್ಲ, ಇಡೀ ಡಿಸ್ಕನ್ನು ನಕಲು ಮಾಡುತ್ತವೆ. ಸೆಕೆಂಡಿಗೆ 200 ಎಂಬಿ ವೇಗ ಸಿಕ್ಕರೂ 16 ಟಿಬಿಗೆ 22 ಗಂಟೆ ಬೇಕು. ಒಳಸುತ್ತಿನತ್ತ ಹೋದಂತೆ ಡಿಸ್ಕಿನ ವೇಗ ತಗ್ಗುವುದರಿಂದ ಇನ್ನೂ ಹೆಚ್ಚೇ ಹಿಡಿಯುತ್ತದೆ. ಅಷ್ಟು ಹೊತ್ತೂ ಉಳಿದಿರುವುದು ಒಂದೇ ಪ್ರತಿ, ಅದೂ ಬಿಡುವಿಲ್ಲದೆ ದುಡಿಯುತ್ತಿರುತ್ತದೆ. ಈ ಬರಗಾಲದ ಬೇಸಿಗೆಯಲ್ಲಿ ನಮ್ಮಲ್ಲಿ ಇಡೀ ದಿನ ಕರೆಂಟು ನಂಬುವಂತಿಲ್ಲ. ಯುಪಿಎಸ್ ಇರುವುದು ಪೆಟ್ಟಿಗೆಯನ್ನು ಸರಿಯಾಗಿ ಆಫ್ ಮಾಡುವಷ್ಟು ಹೊತ್ತಿಗೆ ಮಾತ್ರ. 8 ಟಿಬಿಯಾದರೆ ಈ ಅಪಾಯದ ಹೊತ್ತು ಅರ್ಧಕ್ಕಿಳಿಯುತ್ತದೆ.

"ದೊಡ್ಡದು ಬೇಡ ಕಣೋ, ಬೇಗ ಎದ್ದು ನಿಲ್ಲುವಂಥದ್ದು ಬೇಕು" ಅಂದೆ. ಸ್ವಲ್ಪ ಸುಮ್ಮನಿದ್ದು, "ಹಂಗಾದ್ರೆ ಉಳಿದ ದುಡ್ಡಲ್ಲಿ ಮೂರನೇದು ತಗೊಳ್ಳಿ" ಅಂದ. ಒಳ್ಳೆಯ ಮಾತು.

21 ಏಪ್ರಿಲ್, ಭಾನುವಾರ

ಹೊರಗೆ ಕಾಲಿಡಲಾಗದ ಬಿಸಿಲು. ಡಿಸ್ಕುಗಳ ವಿವರ ಓದುತ್ತ ಮಧ್ಯಾಹ್ನ ಕಳೆಯಿತು.

ಮೊದಲು ನೋಡಬೇಕಾದದ್ದು ಬರೆಯುವ ಬಗೆ. ಸಿಎಮ್‌ಆರ್ ಡಿಸ್ಕಿನಲ್ಲಿ ಪ್ರತಿ ಸಾಲೂ ಬಿಡಿಬಿಡಿ. ಎಸ್‌ಎಮ್‌ಆರ್‌ನಲ್ಲಿ ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು. ನಡುವಿನದನ್ನು ಬದಲಿಸಬೇಕಾದರೆ ಮುಂದಿನ ಸಾಲುಗಳನ್ನೂ ಮತ್ತೆ ಬರೆಯಬೇಕು. ತುಂಬಿಸುವ ಕೆಲಸಕ್ಕೆ ಬಿದ್ದಾಗ ಅಂಥ ಡಿಸ್ಕು ಏದುಸಿರು ಬಿಡುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸಾಲಿನ 2ರಿಂದ 6 ಟಿಬಿ ಡಿಸ್ಕುಗಳಲ್ಲಿ ಕೆಲವು ಎಸ್‌ಎಮ್‌ಆರ್ ಎಂಬುದು ಹೊರಬಿದ್ದು ದೊಡ್ಡ ಗಲಾಟೆಯೇ ಆಯಿತು. ಆಮೇಲೆ ಕಂಪನಿ ಸಿಎಮ್‌ಆರ್ ಇರುವುದನ್ನು ರೆಡ್ ಪ್ಲಸ್ ಎಂದು ಬೇರೆ ಮಾಡಿತು. ಸೀಗೇಟ್‌ನ ಐರನ್‌ವುಲ್ಫ್, ತೋಷಿಬಾದ ಎನ್300 ಕೂಡ ಸಿಎಮ್‌ಆರ್. "ನಾಸ್‌ಗೆಂದೇ ಮಾಡಿದ್ದು" ಎಂಬ ಲೇಬಲ್ಲಿಗಿಂತ ಮಾಡೆಲ್ ನಂಬರ್ ಹಿಡಿದು ಕಂಪನಿಯ ವಿವರಪಟ್ಟಿ ನೋಡುವುದೇ ಸರಿ.

ಈ ದರ್ಜೆಯ ಡಿಸ್ಕುಗಳಿಗೆ ವರ್ಷಕ್ಕೆ 180 ಟಿಬಿ ಓದು ಬರಹದ ಅಂದಾಜು, ಮೂರು ವರ್ಷದ ವಾರಂಟಿ. ನನ್ನ ಹಾಡುಗಳು ಒಮ್ಮೆ ಬರೆದು ಇಟ್ಟವು, ವರ್ಷಕ್ಕೆ ಅದರ ಹತ್ತನೇ ಒಂದು ಪಾಲೂ ಆಗದು. ಪ್ರೊ ದರ್ಜೆಗೆ ದುಡ್ಡು ಸುರಿಯಬೇಕಿಲ್ಲ. ಶಾಖ ಮಾತ್ರ ನೋಡಿಕೊಳ್ಳಬೇಕು: ಡಿಸ್ಕಿನ ಮಿತಿ 60 ಡಿಗ್ರಿಯ ಮೇಲಿದ್ದರೂ, ಕೋಣೆಯೇ 40ರ ಹತ್ತಿರ ಇರುವಾಗ ಗಾಳಿಯಾಡದ ಬೀರುವಿನಲ್ಲಿ ಇಡುವಂತಿಲ್ಲ. ಪಡಸಾಲೆಯ ಉತ್ತರದ ಗೋಡೆಗೆ ಹಲಗೆ ಬಡಿಸಬೇಕು. ಶೇಂಗಾ ಬಡಿಯುವ ಕಾಲದ ದೂಳಿಗೆ ಬಲೆಯೂ ಬೇಕು.

26 ಏಪ್ರಿಲ್, ಶುಕ್ರವಾರ

ಓಟು ಹಾಕಿ ಬಂದೆ. ಸಾಲಿನಲ್ಲಿ ಮುಂದೆ ನಿಂತಿದ್ದ ಹೆಣ್ಣುಮಗಳು ತಿರುಗಿ, "ಮೇಷ್ಟ್ರೆ, ನಮ್ಮಜ್ಜಿ ಹಾಡಿದ್ದು ನಿಮ್ಮತ್ರ ಐತಂತೆ. ನನ್ ಮಗಳ ಮದುವೆಗೆ ಬೇಕಾಗಿತ್ತು, ಕೊಡ್ತೀರಾ?" ಅಂದಳು. ಕೊಡದೆ ಇರುವುದು ಹೇಗೆ, ಅವಳ ಮನೆಯದೇ ಸೊತ್ತು. ಎಂಪಿತ್ರೀ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಡಬೇಕು. ಈ ವಾರದೊಳಗೇ ಆಗಬೇಕು.

5 ಮೇ, ಭಾನುವಾರ

ಡಿಸ್ಕುಗಳು ಬಂದವು. 8 ಟಿಬಿಯವೇ ಎರಡು, ಬೇರೆ ಬೇರೆ ಕಂಪನಿಯವು. ಒಂದೇ ಕಂಪನಿಯ ಒಂದೇ ಕಂತಿನಲ್ಲಿ ತಯಾರಾದವು ಒಟ್ಟಿಗೇ ಕೈಕೊಡುವ ಭಯ ಇರುತ್ತದೆ. ಪೆಟ್ಟಿಗೆ ಬಿಚ್ಚಿದ ಕೂಡಲೇ ಸೀರಿಯಲ್ ನಂಬರ್ ಹಾಕಿ ವಾರಂಟಿ ದಿನಾಂಕ ನೋಡಿದೆ. ಬಳಸಿದ್ದನ್ನು ಒರೆಸಿ ಹೊಸದೆಂದು ಮಾರುವವರೂ ಇದ್ದಾರೆ. ಡಿಸ್ಕು ಓಡಿದ ಗಂಟೆಗಳ ಲೆಕ್ಕವನ್ನೂ ಸೊನ್ನೆಗೆ ತಿರುಗಿಸಬಲ್ಲರು. ಇವೆರಡೂ ಹೊಸವೇ. ನಾಸ್ ಪೆಟ್ಟಿಗೆಯ ಪರದೆ 7.3 ಟಿಬಿ ಎಂದು ತೋರಿಸಿತು. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ಪೆಟ್ಟಿಗೆ 1024ರ ಲೆಕ್ಕದಲ್ಲಿ, ಕೊರತೆಯೇನಲ್ಲ.

ಮೂರನೆಯದು ಯುಎಸ್‌ಬಿ ಡಿಸ್ಕು. ಅದು ಎಸ್‌ಎಮ್‌ಆರ್ ಆದರೂ ಚಿಂತೆಯಿಲ್ಲ, ಸಾಲಾಗಿ ಒಮ್ಮೆ ಬರೆದು ಎತ್ತಿಡುವಂಥದ್ದು. ಈ ಮನೆಯಲ್ಲಿ ಇಡುವುದಿಲ್ಲ. ಸಿಡಿಲು, ಬೆಂಕಿ, ಕಳ್ಳತನ, ಕೈತಪ್ಪಿ ಅಳಿಸುವುದು, ಇವುಗಳ ಮುಂದೆ ಒಂದೇ ಪೆಟ್ಟಿಗೆಯ ಎರಡು ಡಿಸ್ಕೂ ಒಟ್ಟಿಗೇ ಹೋಗುತ್ತವೆ. ಅಕ್ಕನ ಮಗ ಬಂದಾಗ ಬೆಂಗಳೂರಿಗೆ ಒಯ್ಯುತ್ತಾನೆ, ಜಾತ್ರೆಗೆ ಬರುವಾಗ ವಾಪಸ್ ತಂದು ಹೊಸದನ್ನು ತುಂಬಿಸಿಕೊಳ್ಳುತ್ತಾನೆ.

ಈಗ ಪೂರ್ತಿ ಪರೀಕ್ಷೆ ನಡೆಯುತ್ತಿದೆ, ನಾಳೆ ಬೆಳಿಗ್ಗೆ ಮುಗಿಯಬಹುದು. ಮುಗಿದ ಮೇಲೆ ಮೊದಲು ಹೆಸರು ಬರೆಯದ ಕ್ಯಾಸೆಟ್ಟುಗಳನ್ನು ಹಾಕಬೇಕು. ಯಾರ ದನಿ ಎಂದು ಗುರುತಿಸಬಲ್ಲ ಮುದುಕಿಯರು ಹಟ್ಟಿಯಲ್ಲಿ ಇನ್ನೂ ಕೆಲವರಿದ್ದಾರೆ.